ಅಮ್ಮನ ಹಾಸಿಗೆಯ ಹಳ್ಳ

ಬೆಳಕು ಹರಿಯುವ ಮೊದಲೇ ತಗಡಿನ ಮಾಡಿನ ಕೆಳಗೆ ಹತ್ತಿ ಹಿಂಜುವ ಬಿಲ್ಲು ದನಿ ತೆಗೆಯುತ್ತದೆ. ಏಟು ಬಿದ್ದಂತೆಲ್ಲ, ವರ್ಷಗಟ್ಟಲೆ ಮೈಭಾರ ಹೊತ್ತು ಗಂಟುಕಟ್ಟಿದ ಹತ್ತಿ ಎಳೆಎಳೆಯಾಗಿ ಬಿಡಿಸಿಕೊಂಡು ಮೇಲೇಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತ, ಬೀದಿಯವರೆಲ್ಲ ‘ಹಾಸಿಗೆ ಅಕ್ಕ’ ಎನ್ನುವ ಹೆಂಗಸಿನ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ.

“ಈ ಹೊತ್ತಲ್ಲಿ ನಾನು ಕನ್ನಡಿ ಕಡೆ ಹೋಗಲ್ಲ. ಹೋದ್ರೆ ಅಮ್ಮನೇ ಎದುರಿಗೆ ನಿಂತ ಹಾಗಾಗುತ್ತೆ” ಎನ್ನುತ್ತಾರೆ. ಕೈ ಗಿರಾಕಿಯ ಹತ್ತಿಯಲ್ಲಿದೆ. ಕಣ್ಣು ಮಾತ್ರ ಗೋಡೆಗೊರಗಿಸಿಟ್ಟ ಇನ್ನೊಂದು ಹಾಸಿಗೆಯ ಕಡೆ ಹೋಗಿ ಹೋಗಿ ಬರುತ್ತದೆ. ಅದು ಅಮ್ಮನದು. ಇವತ್ತು ಬಿಚ್ಚಲೇಬೇಕೆಂದು ಹೊರಗೆ ತಂದಿಟ್ಟಿದ್ದಾರೆ. ಬಿಚ್ಚಲು ಮನಸ್ಸು ಬರುತ್ತಿಲ್ಲ.

ಅಕ್ಕನಿಗಿಂತ ಮುಂಚೆ ಈ ಬಿಲ್ಲು ಹಿಡಿದಿದ್ದವರು ಅವರ ತಾಯಿ, ಬೀದಿಯವರ ಬಾಯಲ್ಲಿ ಹಾಸಿಗೆ ಅಜ್ಜಿ. ಗಂಡ ಬೇಗ ಹೋದ ಮೇಲೆ ಮಗಳನ್ನು ಹತ್ತಿರಾಶಿಯ ಮಗ್ಗುಲಲ್ಲೇ ಮಲಗಿಸಿ ಸಾಕಿದರು. ಮುಂದೆ ಆ ಮಗಳ ಮಗಳನ್ನೂ ಹಾಗೆಯೇ. ದಿನವಿಡೀ ಬೆನ್ನು ಬಗ್ಗಿಸಿದರೆ ಎರಡು ಹಾಸಿಗೆ, ನಾಲ್ಕಾರು ದಿಂಬು ಆಗುತ್ತವೆ. ಸ್ಪಂಜಿನ ಹಾಸಿಗೆ ಬಂದ ಮೇಲೆ ಎಷ್ಟೋ ದಿನ ಅದೂ ಇಲ್ಲ. ಕೆಮ್ಮು ಮಾತ್ರ ಕರೆಯದೆಯೂ ಬರುತ್ತದೆ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಾವು ಕಾಲು ಇದ್ದಷ್ಟು ಹಾಸಿಗೆ ಹೊಲಿಯೋರು” ಎಂದು ಅಜ್ಜಿ ನಗುತ್ತಿದ್ದರಂತೆ. ಯಾವ ಹಾಸಿಗೆಯನ್ನೂ ಅಂಗೈ ಆಡಿಸಿ ನೋಡದೆ ಬಿಚ್ಚಿದವರಲ್ಲ. ಹಳ್ಳ ಸಿಕ್ಕಲ್ಲಿ ಸೊಂಟ. ಅಲ್ಲಿಗೆ ಎರಡು ಹಿಡಿ ಹತ್ತಿ ಹೆಚ್ಚು.

“ಒಂದ್ಸಲ ಒಂದು ಮನೆಯ ಜೋಡಿ ಹಾಸಿಗೆ ಬಂತು. ಆ ಅಂಚಲ್ಲೊಂದು ಹಳ್ಳ, ಈ ಅಂಚಲ್ಲೊಂದು ಹಳ್ಳ, ನಡುವೆ ಗುಡ್ಡ. ಅಮ್ಮ ನೋಡಿದವಳೇ, ‘ಪಾಪ, ಮಾತು ಬಿಟ್ಟಿದ್ದಾರೆ. ನಡುವೆ ಸಮ ಮಾಡಿಕೊಡೋಣ, ಮುಂದಿಂದು ಅವರ ಪಾಡು’ ಅಂದಳು.” ಅಕ್ಕ ನಗುತ್ತಾರೆ. ನಗು ಕೆಮ್ಮಿಗೆ ತಿರುಗುತ್ತದೆ.

ಊರವರ ಸೊಂಟವನ್ನೆಲ್ಲ ಅಂಗೈಯಲ್ಲೇ ಬಲ್ಲ ಅಜ್ಜಿ ಮಲಗುತ್ತಿದ್ದದ್ದು ಹಪ್ಪಳದಂತಾದ ಹಾಸಿಗೆಯ ಮೇಲೆ. ಕೊನೆಯ ವರ್ಷ ಬಿಲ್ಲು ಎತ್ತಲು ತೋಳಿನಲ್ಲಿ ಕಸುವಿರಲಿಲ್ಲ. ಆಗ ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದರು.

“‘ಸೊಂಟ ಹಲಗೆ ಮುಟ್ತಿದೆ ಮಗಳೇ, ಪುರುಸೊತ್ತಾದಾಗ ನಂದೊಂದು ಹಿಂಜಿಬಿಡು’ ಅಂದಳು. ಹೂಂ ಅಂದೆ. ಅಷ್ಟರಲ್ಲಿ ಗಿರಾಕಿ ಬಂದ. ಅವಳೇ ‘ಅವರದು ಮೊದಲು ಮಾಡು, ನಾನೆಲ್ಲಿಗೆ ಹೋಗ್ತೀನಿ’ ಅಂದಳು. ಆಮೇಲೆ ಇನ್ನೊಬ್ಬರು ಬಂದ್ರು. ನಾಳೆ ನಾಳೆ ಅಂತಲೇ ಹೋಯ್ತು.” ಅಕ್ಕ ಬಿಲ್ಲು ಕೆಳಗಿಡುತ್ತಾರೆ. “ಹೋಗೇಬಿಟ್ಟಳು. ಅರ್ಧ ದಿನದ ಕೆಲಸ ಅದು, ಅಷ್ಟೇ.”

ಅಜ್ಜಿ ಇಲ್ಲದ ಮೇಲೆ ಆ ಹಳ್ಳದಲ್ಲಿ ಮುದುಡಿ ಮಲಗುತ್ತಿರುವವಳು ಮೊಮ್ಮಗಳು. ದಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಜ್ಜಿಯ ಹಾಸಿಗೆ ಯಾರು ಮುಟ್ಟಿದರೂ ಸಿಡುಕುತ್ತಾಳೆ. ಆದರೆ ಮೊನ್ನೆ ನಲ್ಲಿಯಡಿಯಿಂದ ಕೊಡ ಎತ್ತುವಾಗ ಸೊಂಟ ಹಿಡಿದುಕೊಂಡು ನಿಂತುಬಿಟ್ಟಳು, ಥೇಟ್ ಅಜ್ಜಿಯಂತೆ. ಅದನ್ನು ಕಂಡ ಅಕ್ಕನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

“ಬಿಚ್ಚಿದ್ರೆ ಅಜ್ಜಿ ಮಲಗಿದ್ದ ಗುರುತೇ ಹೋಗುತ್ತೆ” ಎನ್ನುತ್ತಾಳೆ ಹುಡುಗಿ, ಬಾಗಿಲಲ್ಲಿ ನಿಂತು.

“ಹಾಸಿಗೆ ಇರೋದು ಬದುಕಿರೋರ ಬೆನ್ನಿಗೆ ಅಂದವಳು ಯಾರು? ನಿಮ್ಮಜ್ಜಿನೇ. ಬಾ, ಆ ತುದಿ ಹಿಡ್ಕೋ.”

ಹುಡುಗಿ ಮುಖ ಊದಿಸಿಕೊಂಡೇ ಬರುತ್ತಾಳೆ. ಅಕ್ಕ ಹಳ್ಳದ ಮೇಲೆ ಒಮ್ಮೆ ಅಂಗೈ ಆಡಿಸುತ್ತಾರೆ. ಆಮೇಲೆ ಕತ್ತರಿ ತೆಗೆದು ಅಂಚಿನ ಹೊಲಿಗೆ ಬಿಚ್ಚುತ್ತಾರೆ. ಕಲ್ಲಿನಂತಾಗಿದ್ದ ಹತ್ತಿ ಬಿಲ್ಲಿನ ಏಟಿಗೆ ಬಿಚ್ಚಿಕೊಂಡು, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಮಂಡಿಯೆತ್ತರ ರಾಶಿಯಾಗುತ್ತದೆ.

ಹೊಸ ಬಟ್ಟೆಗೆ ಹತ್ತಿ ತುಂಬುತ್ತಾ ಬಂದ ಅಕ್ಕನ ಕೈ ಒಂದು ಕಡೆ ತಾನಾಗಿ ನಿಂತು, ಎರಡು ಹಿಡಿ ಹೆಚ್ಚಿಗೆ ಹಾಕುತ್ತದೆ. ಅಜ್ಜಿಗಿಂತ ಗೇಣು ಕುಳ್ಳಿಯಾದ ಮೊಮ್ಮಗಳು ನೋಡುತ್ತಾಳೆ.

“ಅಮ್ಮಾ, ಅದು ಅಜ್ಜಿ ಸೊಂಟ. ನಂದು ಇಲ್ಲಿ ಬರುತ್ತೆ.”

ಅಕ್ಕ ಹಾಕಿದ್ದನ್ನು ತೆಗೆಯುವುದಿಲ್ಲ. ಹತ್ತಿಯನ್ನು ಮೆಲ್ಲಗೆ ಒತ್ತಿ ಸರಿಮಾಡುತ್ತಾರೆ.

“ನಿನಗೂ ಹಾಕ್ತೀನಿ ತಡಿ. ಮೊದಲು ಅವಳದಾಗಲಿ.”