ಕೂಸಿನ ಕುತ್ತಿಗೆಯ ಕೆಳಗಿನ ಕೈ

ಮೊದಲು ಉಳಿ ನಡುಗಿತು. ಆಮೇಲೆ ನಾನು.

ಹಳಿಯಾಳದ ನಮ್ಮ ಪಡಸಾಲೆಯಲ್ಲಿ ಕೂತು, ಸಾಗವಾನಿ ಹಲಗೆಯ ಮೇಲೆ ಮೇರಿ ತಾಯಿಯನ್ನೂ ಬಾಲ ಯೇಸುವನ್ನೂ ಕೆತ್ತುತ್ತಿದ್ದೆ. ಕ್ರಿಸ್‌ಮಸ್‌ಗೆ ಮನೆಮನೆಗೆ ಹಂಚಲು ಪಾದ್ರಿಗಳು ಕೇಳಿದ ಚಿತ್ರ. ಕೆತ್ತಿದ ಹಲಗೆಗೆ ಮಸಿ ಹಚ್ಚಿ, ಕಾಗದ ಒತ್ತಿ ಚಿತ್ರ ತೆಗೆಯುವುದು ನನ್ನ ಕಸುಬು. ಅದಕ್ಕೆ ಹದಿನೈದು ದಿನ ಮೊದಲು ಕಟ್ಟಿಗೆ ಆರಿಸಲು ಜೋಯಿಡಾದ ಕಾಡಿಗೆ ಹೋಗಿದ್ದೆ. ಕಟ್ಟಿಗೆಯ ಜೊತೆ ಜ್ವರವನ್ನೂ ತಂದಿದ್ದೆ.

ನಾಲ್ಕನೆಯ ಸಲ ಜ್ವರ ಬಂದಾಗ ದವಾಖಾನೆಗೆ ಹೋದೆ. ಡಾಕ್ಟರ್ ಹೊಟ್ಟೆಯ ಎಡಕ್ಕೆ ಒತ್ತಿ ನೋಡಿದರು.

"ಮಲೇರಿಯಾ. ಸ್ಪ್ಲೀನ್ ದಪ್ಪ ಆಗೇತಿ. ಕ್ವಿನೈನ್ ತಗೋರಿ, ಯುದ್ಧದಾಗ ಅದೂ ಸರಳ ಸಿಗವಲ್ದು. ಕಿವಿ ಗುಂಯ್ ಅಂತಾವ, ಆದ್ರ ಬಿಡಬ್ಯಾಡ್ರಿ."

ದಿನ ಬಿಟ್ಟು ದಿನ ಜ್ವರ. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಆಮೇಲೆ ಬೆವರು. ಆಮೇಲೆ ಹಿಂಡಿ ಬಿಸಾಕಿದ ಬಟ್ಟೆಯಂತೆ ಬಿದ್ದಿರುವುದು. ಹೆಂಡತಿ ಗಂಗವ್ವ ಹಡೆದು ಎರಡು ತಿಂಗಳಾಗಿತ್ತಷ್ಟೆ. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ನನ್ನ ಗಂಜಿ. ಯಾರು ಮೊದಲು ಅತ್ತರೆ ಅವರ ಹತ್ತಿರ ಬರುತ್ತಿದ್ದಳು. ಎಷ್ಟೋ ಸಲ ಅದು ನಾನೇ.

ಜ್ವರವಿಲ್ಲದ ಒಂದು ದಿನ ಉಳಿ ಹಿಡಿದೆ. ಅದು ಜಾರಿ ತಾಯಿಯ ಸೆರಗನ್ನು ಸೀಳಿತು.

ಕೈ ನನ್ನ ಮಾತು ಕೇಳುತ್ತಿರಲಿಲ್ಲ.

ಗಂಗವ್ವ ಬಂದು ಹಲಗೆ ನೋಡಿದಳು. "ಹಸಗೂಸನ್ನ ಹಿಂಗ ಯಾರು ಹಿಡೀತಾರ್ರಿ? ಕುತ್ತಿಗಿ ಕೆಳಗ ಕೈ ಎಲ್ಲೈತಿ?"

"ಪಾದ್ರಿಗಳು ಕೊಟ್ಟ ಚಿತ್ರದಾಗ ಹಂಗ ಐತಿ."

"ಅದನ್ನ ಬರದಾವ ಕೂಸು ಎತ್ತಿಲ್ಲ ಬಿಡ್ರಿ."

ಆ ಜಾಗ ಇನ್ನೂ ಕೆತ್ತದೆ ಉಳಿದಿತ್ತು. ಅವಳು ಸಣ್ಣ ಉಳಿ ಕೇಳಿದಳು. ಅಂಚಿನ ಹೂಬಳ್ಳಿಯನ್ನು ಇಷ್ಟು ವರ್ಷ ಅವಳೇ ಕೆತ್ತಿದ್ದಳು. ಮುಖ, ಕೈಗಳನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಅವತ್ತು ಬೇಡ ಅನ್ನುವುದಕ್ಕೂ ತ್ರಾಣವಿರಲಿಲ್ಲ. ಮಗಳನ್ನು ನನ್ನ ಮಗ್ಗುಲಿಗೆ ಹಾಕಿ ಕೂತಳು. ಸೀಳಿದ ಸೆರಗನ್ನು ನೆರಿಗೆ ಮಾಡಿದಳು. ಕೂಸಿನ ಕುತ್ತಿಗೆಯ ಕೆಳಗೆ ಒಂದೊಂದೇ ಬೆರಳು ಮೂಡಿಸಿದಳು.

ಪಾದ್ರಿಗಳು ಮೊದಲ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬೇಡ ಅಂದರೆ ಮತ್ತೊಂದು ಹಲಗೆ ಕೆತ್ತುವ ಶಕ್ತಿ ನನಗಿರಲಿಲ್ಲ.

"ಈ ಕೈ ನಾ ಕೊಟ್ಟ ಚಿತ್ರದಾಗ ಇರ್ಲಿಲ್ಲ. ಛಲೋ ಬಂದೈತಿ. ನೀವ ಮಾಡಿದ್ರೇನು?"

ಹೌದು ಎಂಬ ಮಾತು ಬಾಯಿತನಕ ಬಂದಿತ್ತು.

"ಇಲ್ರಿ. ನಮ್ಮಾಕಿ ಕೆತ್ಯಾಳ."

ಜ್ವರ ನಿಂತು ಈಗ ಒಂದು ತಿಂಗಳು. ಮತ್ತೆ ಬರಲಾರದು ಎಂದು ಡಾಕ್ಟರ್ ಹೇಳಿಲ್ಲ. ಬೆರಳ ನಡುಕ ಹೋಗಿಲ್ಲ. ಈಗ ಗಂಗವ್ವ ಕೆತ್ತುತ್ತಾಳೆ, ನಾನು ಕಾಗದ ಒತ್ತುತ್ತೇನೆ. ನಾಲ್ಕು ಹಾಳೆಗೊಮ್ಮೆ ದಣಿದು ಕೂತುಬಿಡುತ್ತೇನೆ. ಏಳ್ರಿ ಅಂತ ಅವಳು ಅನ್ನುವುದಿಲ್ಲ.

ಸ್ವಲ್ಪ ಹೊತ್ತಿಗೆ ನಾನೇ ಏಳುತ್ತೇನೆ.