ಇನಾಸನ ಪಾಲಿನ ಕಾಗದದ ಚೂರು

ಹೋದ ವಾರ ತರಿಸಿದ ಚಹಾ ಕಪ್ಪುಗಳ ಪೆಟ್ಟಿಗೆ ಬಿಚ್ಚಿದೆ. ಒಡೆಯದಿರಲೆಂದು ಕಪ್ಪುಗಳ ಸುತ್ತ ಕಾಗದದ ಸಣ್ಣ ಪಟ್ಟಿಗಳನ್ನು ತುರುಕಿದ್ದರು. ಕೈ ಹಾಕಿದೊಡನೆ ಅವು ಸರಸರ ಎಂದವು. ಮೂಗಿಗೆ ಒಣ ಕಾಗದದ ವಾಸನೆ ಬಂತು, ತುಸು ಸುಣ್ಣದಂಥದ್ದು, ತುಸು ಹುಳಿ ಹುಳಿಯಾದದ್ದು. ದಾಂಡೇಲಿಯಲ್ಲಿ ಬೆಳೆದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ, ಬೇರೆ ಊರಿನವರಿಗೆ ವಿವರಿಸಿ ಪ್ರಯೋಜನವಿಲ್ಲ. ಆಗೆಲ್ಲ ನಮ್ಮ ಮನೆಗೆ ಬರುವ ನೆಂಟರು ಮೂಗಿಗೆ ಸೆರಗು ಹಿಡಿದುಕೊಂಡೇ ಬಸ್ಸಿನಿಂದ ಇಳಿಯುತ್ತಿದ್ದರು, ಎರಡು ದಿನ ಕಾಗದದ ಮಿಲ್ಲಿನ ಗಾಳಿಯನ್ನು ಬೈಯುತ್ತಿದ್ದರು, ಆಮೇಲೆ ಮರೆತು ಹಾಯಾಗಿ ಊಟ ಮಾಡುತ್ತಿದ್ದರು. ಕಪ್ಪುಗಳನ್ನು ತೆಗೆದು ಬದಿಗಿಟ್ಟೆ. ಆ ಚೂರುಗಳನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ. ಉಡಿಯಲ್ಲಿ ಹಾಕಿಕೊಂಡು ಸುಮ್ಮನೆ ಕೂತೆ. ದಾಂಡೇಲಿಯ ಅಂಬೇವಾಡಿಯಲ್ಲಿದ್ದ ನಮ್ಮ ಮನೆ ನೆನಪಾಯಿತು, ಇನಾಸಕಾಕಾ ನೆನಪಾದ.

ಅದು ಮನೆ ಎನ್ನುವುದಕ್ಕಿಂತ ಖಾನಾವಳಿ ಎನ್ನುವುದೇ ಸರಿ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಧಾರವಾಡದ ಕಡೆಯಿಂದ ಬಂದವಳು. ಮಿಲ್ಲಿನಲ್ಲಿ ಕೆಲಸಕ್ಕಿದ್ದು ಸಂಸಾರವನ್ನು ಊರಲ್ಲೇ ಬಿಟ್ಟುಬಂದ ಗಂಡಸರಿಗೆ ಊಟ ಹಾಕುತ್ತಿದ್ದಳು. ಪಾಳಿ ಮುಗಿಸಿ ಬಂದವರು ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂರುತ್ತಿದ್ದರು. ಒಳಗೆ ಆಯಿ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಇವರ ಹರಟೆ, ನಡುವೆ ಪಲ್ಯದ ಬೋಗುಣಿ ಹಿಡಿದು ಓಡಾಡುವ ನನ್ನ ಅವ್ವ. ಇನಾಸಕಾಕಾ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಅವನು ಹಳಿಯಾಳದ ಕಡೆಯ ಸಿದ್ದಿ, ಕ್ರಿಶ್ಚಿಯನ್ನರವನು, ಬಿದಿರಿನ ಲಾರಿಗಳ ಹಮಾಲಿಗೆ ಬಂದವನು. ಅವನ ತಾಟು ಬೇರೆ ಇತ್ತು, ಉಂಡಮೇಲೆ ತಾನೇ ತೊಳೆದು ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕುತ್ತಿದ್ದ. ಅದು ಹಾಗೆಯೇ ಇರಬೇಕಾದದ್ದು ಎಂದು ಎಲ್ಲರೂ ತಿಳಿದಿದ್ದರು, ಬಹುಶಃ ಅವನೂ. ವರ್ಷಗಟ್ಟಲೆ ಬಿದಿರು ಹೊತ್ತು ಅವನ ಎಡಭುಜ ಇಳಿಬಿದ್ದಿತ್ತು. ದೂರದಿಂದ ನೋಡಿದರೆ, ಅವನು ಯಾವಾಗಲೂ ಯಾರದೋ ಮಾತಿಗೆ ಕಿವಿಗೊಟ್ಟು ಒಂದು ಕಡೆ ವಾಲಿದ್ದಾನೆ ಅನ್ನಿಸುತ್ತಿತ್ತು.

ಪಡಸಾಲೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಸಿನಿಮಾಕ್ಕೇ ಬಂದು ನಿಲ್ಲುತ್ತಿತ್ತು. ದೊಡ್ಡ ಹೀರೋ ಅಂದರೆ ಯಾರು, ಅವನಲ್ಲಿ ಅಂಥದ್ದೇನಿದೆ, ಉಳಿದವರಲ್ಲಿ ಇಲ್ಲದ್ದು? ಕಟಿಂಗ್ ಸೆಕ್ಷನ್ನಿನ ಹಣಮಂತಕಾಕಾನದು ಈ ವಿಷಯದಲ್ಲಿ ಕೊನೆಯ ಮಾತು. "ಹೀರೋ ಅಂದ್ರ ಎಂಟ್ರಿ ರೀ ಆಯಿ. ಬಾಗಲಾ ಒದ್ದು ಒಳಗ ಬರಬೇಕು, ಮಂದಿ ಎದ್ದ ನಿಂದರಬೇಕು" ಎನ್ನುತ್ತಿದ್ದ. "ಬಾಗಲಾ ಒದ್ದು ಎಮ್ಮಿನೂ ಬರ್ತೈತಿ ತಗೋ" ಎಂದು ಆಯಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಆಯಿ ಸಿನಿಮಾ ನೋಡಿದವಳೇ ಅಲ್ಲ. ಆದರೆ ಅವಳಿಗೆ ಅವಳದೇ ಒಂದು ಅಳತೆ ಇತ್ತು, ಅದು ಸಿಕ್ಕಿದ್ದು ಇನಾಸಕಾಕಾನಿಂದ.

ಹೊಸ ಸಿನಿಮಾ ಬಂದ ವಾರ ಇನಾಸಕಾಕಾ ಮೊದಲು ನೋಡಿಬಿಡುತ್ತಿದ್ದ, ರವಿವಾರದ ಊಟಕ್ಕೆ ಬಂದಾಗ ಕಥೆ ಹೇಳುತ್ತಿದ್ದ. ಹೇಳುತ್ತಿದ್ದ ಎಂದರೆ ಕಡಿಮೆಯಾಯಿತು. ಕಟ್ಟೆಯಿಂದ ಎದ್ದು ಅಂಗಳದಲ್ಲಿ ನಿಂತರೆ ಅವನೇ ಹೀರೋ, ಅವನೇ ಖಳ, ಅವನೇ ಮುದುಕಿ. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹೊದ್ದು ನಾಯಕಿಯಾದಾಗ ಕೂಡ ಯಾರೂ ನಗುತ್ತಿರಲಿಲ್ಲ. ಕೆಲವೊಮ್ಮೆ ಏನೂ ಮಾಡದೆ ನಿಂತುಬಿಡುತ್ತಿದ್ದ. ಆಗಲೂ ಯಾರಿಗೂ ಕಣ್ಣು ತೆಗೆಯಲಾಗುತ್ತಿರಲಿಲ್ಲ. ಎತ್ತಿದ ತುತ್ತು ಹಾಗೇ ಬಾಯಿಯ ಮುಂದೆ ನಿಲ್ಲುತ್ತಿತ್ತು, ಹಣಮಂತಕಾಕಾನ ಸಾರು ಆರುತ್ತಿತ್ತು, ಆಯಿ ಬಾಗಿಲಿಗೆ ಬಂದು ನಿಂತಿರುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಸುಡುತ್ತಿತ್ತು. "ನಿನ್ನ ಸಲುವಾಗಿ ನನ್ನ ರೊಟ್ಟಿ ಹೊತ್ತೂ ನೋಡೋ ಇನಾಸ" ಎಂದು ಬೈದು ಒಳಗೆ ಓಡುತ್ತಿದ್ದಳು. ರೊಟ್ಟಿ ಸುಡಿಸಿದವನೇ ದೊಡ್ಡ ಹೀರೋ, ಇದು ಆಯಿಯ ಅಳತೆ. ನಾವು ಆಮೇಲೆ ಥೇಟರಿಗೆ ಹೋಗಿ ಆ ಸಿನಿಮಾ ನೋಡಿದರೆ ಸಪ್ಪೆ ಎನ್ನಿಸುತ್ತಿತ್ತು.

ಥೇಟರಿನಲ್ಲಿ ಬೇರೆ ಊರಿನವರು ಹೀರೋ ಬಂದಾಗ ಚಿಲ್ಲರೆ ಎಸೆಯುತ್ತಿದ್ದರಂತೆ. ನಮ್ಮೂರಲ್ಲಿ ಕಾಗದ. ಹರಿದ ಟಿಕೆಟ್ಟು, ಹಳೇ ಪೇಪರು ಅಲ್ಲ, ಹೊಸ ಹಾಳೆಯ ಅಂಚು ಕತ್ತರಿಸಿದಾಗ ಬೀಳುವ ಬೆಳ್ಳನೆಯ ತೆಳು ಚೂರು. ಕೆಲಸ ಮುಗಿಸಿ ಬರುವವರ ಅಂಗಿಯ ಕಿಸೆಯಲ್ಲಿ, ಬುತ್ತಿಯ ಚೀಲದಲ್ಲಿ ಅದು ಹೇಗೋ ಸೇರಿಕೊಂಡು ಮನೆಗೆ ಬರುತ್ತಿತ್ತು. ಆಯಿ ಬಚ್ಚಲೊಲೆ ಹೊತ್ತಿಸಲು ಒಂದು ಚೀಲದಲ್ಲಿ ಕೂಡಿಡುತ್ತಿದ್ದಳು, ಹಣಮಂತಕಾಕಾ ಅದರಿಂದಲೇ ಕದ್ದು ಥೇಟರಿಗೆ ಒಯ್ಯುತ್ತಿದ್ದ. ಹೀರೋ ಬಾಗಿಲು ಒದ್ದೊಡನೆ ಸಾಲು ಸಾಲಾಗಿ ಎದ್ದು ತೂರುತ್ತಿದ್ದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವು ನಿಧಾನ ತಿರುಗುತ್ತ ಇಳಿಯುವುದು ಎಷ್ಟು ಚೆಂದವೆಂದರೆ, ನನಗೆ ಸಿನಿಮಾಗಳ ಕಥೆ ಒಂದೂ ನೆನಪಿಲ್ಲ, ಅದು ನೆನಪಿದೆ.

ಒಂದು ಸಲ ಸಿನಿಮಾದವರೇ ನಮ್ಮೂರಿಗೆ ಬಂದರು. ಕೋಗಿಲಬನದಲ್ಲಿ ಕಾಳಿ ಹೊಳೆಯ ದಂಡೆಗೆ ಶೂಟಿಂಗು. ಹೆಸರು ಬೇಡ, ಆಗ ಬಹಳ ದೊಡ್ಡ ಹೆಸರಿನ ಹೀರೋ. ಅವನು ದೋಣಿಯಲ್ಲಿ ಹೊಳೆ ದಾಟಬೇಕು, ಅಷ್ಟೇ ದೃಶ್ಯ. ನಿಜವಾದ ಅಂಬಿಗ ಕ್ಯಾಮೆರಾ ಕಂಡು ಗಡಗಡ ನಡುಗಿದ್ದಕ್ಕೆ, ಸಾಮಾನು ಹೊರಲು ಹೋಗಿದ್ದ ಇನಾಸಕಾಕಾನ ಕೈಗೆ ಹುಟ್ಟು ಕೊಟ್ಟರು. ಅವನಿಗೆ ಒಂದು ಮಾತೂ ಇತ್ತು, ಹೊಳೆ ತುಂಬಿದೆ, ಕೂತು ದಾಟಿ ಎಂದು. ರಜೆಯ ದಿನವಾದ್ದರಿಂದ ನಮ್ಮ ಖಾನಾವಳಿಗೆ ಖಾನಾವಳಿಯೇ ದಂಡೆಯ ಮೇಲಿತ್ತು. ಇನಾಸಕಾಕಾ ಕ್ಯಾಮೆರಾಕ್ಕೆ ಮುಖಮಾಡಿ ಹುಟ್ಟು ಹಾಕುತ್ತ ಬಂದ. ಹೀರೋ ಮುಂದೆ ನಿಂತಿದ್ದ. ಇನಾಸಕಾಕಾ ತಲೆಯೆತ್ತಿ, "ಹೊಳಿ ತುಂಬೇತ್ರಿ ಸಾಹೇಬ್ರ, ಕುಂತು ದಾಟ್ರಿ" ಎಂದ. ದಂಡೆಯ ಮೇಲಿದ್ದವರೆಲ್ಲರ ಕಣ್ಣು ಅವನ ಕಡೆ ತಿರುಗಿತು. ಹೀರೋ ದಂಡೆಗಿಳಿದೊಡನೆ ಅವನ ತಲೆಯ ಮೇಲೆ ಕೊಡೆ ಹಿಡಿಯಬೇಕಾದ ಮನುಷ್ಯ ಕೂಡ ಇನಾಸಕಾಕಾನನ್ನೇ ನೋಡುತ್ತ ನಿಂತುಬಿಟ್ಟಿದ್ದ. ಕೊಡೆ ವಾಲಿ, ಬಿಸಿಲು ನೇರವಾಗಿ ಹೀರೋನ ಮುಖಕ್ಕೆ ಬಿದ್ದಿತ್ತು.

ಹೀರೋ ಸಿಟ್ಟಾಗಲಿಲ್ಲ. ಇನಾಸಕಾಕಾನ ಹೆಗಲ ಮೇಲೆ ಕೈಹಾಕಿ, "ತುಂಬಾ ಚೆನ್ನಾಗಿ ಮಾಡ್ದೆ ಕಣಯ್ಯಾ" ಎಂದ. ಆಮೇಲೆ ಮರದ ಕೆಳಗೆ ಡೈರೆಕ್ಟರನ ಜೊತೆ ಎಳನೀರು ಕುಡಿಯುತ್ತ ಏನೋ ಒಂದೆರಡು ಮಾತಾಡಿದ. ಚಹಾ ಆದಮೇಲೆ ದೃಶ್ಯವನ್ನು ಮತ್ತೆ ತೆಗೆದರು. ಈ ಸಲ ದೋಣಿಯ ದಿಕ್ಕು ಬೇರೆ, ಇನಾಸಕಾಕಾನ ಬೆನ್ನು ಕ್ಯಾಮೆರಾಕ್ಕೆ. ತಲೆಯ ಮೇಲೆ ಮಳೆಗೆ ಹೊದೆಯುವ ಕಂಬಳಿಯ ಕೊಪ್ಪೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. "ಮಳಿ ಬರೂ ಸೀನ್ ಅದು. ಮಳಿ ಆಮ್ಯಾಲ ಹಾಕ್ತಾರ" ಎಂದು ಇನಾಸಕಾಕಾ ನಮಗೆಲ್ಲ ತಿಳಿದವನಂತೆ ವಿವರಿಸಿದ. "ಮದಲ್ನೇದೂ ಹಾಕ್ತಾರ, ಇದೂ ಹಾಕ್ತಾರ." ನಾವೂ ನಂಬಿದೆವು. ಈಗ ಯೋಚಿಸಿದರೆ ಆ ಹೀರೋನ ಮೇಲೆ ನನಗೆ ದ್ವೇಷವೇನೂ ಇಲ್ಲ. ಬಣ್ಣ, ಎತ್ತರ, ಹೊಡೆದಾಟ ಎಲ್ಲ ಎಷ್ಟೋ ಜನಕ್ಕೆ ಇರುತ್ತದೆ. ಜನರ ಕಣ್ಣು ತನ್ನನ್ನು ಬಿಟ್ಟು ಎಲ್ಲಿಗೆ ಹೋಯಿತು ಎಂಬುದು ಬೆನ್ನ ಹಿಂದೆ ನಡೆದರೂ ಗೊತ್ತಾಗುತ್ತದಲ್ಲ, ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಅದನ್ನು ನಗುನಗುತ್ತಲೇ ತಿರುಗಿ ತನ್ನ ಕಡೆ ತಂದುಕೊಳ್ಳುವುದಂತೂ ಇನ್ನೂ ದೊಡ್ಡದು. ಅವನಿಗೆ ಅವನ ಕಸುಬು ಗೊತ್ತಿತ್ತು.

ಇನಾಸಕಾಕಾನಿಗೆ ಹೀರೋ ಆಗುವ ಆಸೆ ಇರಲಿಲ್ಲ. ಅವನಿಗಿದ್ದ ಆಸೆ ಒಂದೇ, ಅದು ನಮಗೆಲ್ಲ ಬಾಯಿಪಾಠವಾಗಿತ್ತು. ಹಳ್ಳಿಯಲ್ಲಿದ್ದ ಅವನ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರು ಎದುರು ನಿಂತರೆ ಕಪ್ಪಗೆ ಆಕಾರ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಪರೇಷನ್ನಿಗೆ ಮುದುಕಿ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. "ಪಡದೆ ಮ್ಯಾಲ ನನ್ನ ಮಾರಿ ಮನಿ ಗ್ವಾಡಿಯಷ್ಟ ದೊಡ್ಡದಾಗಿ ಬರ್ತೈತಿ ಆಯಿ. ಅಷ್ಟ ದೊಡ್ಡದ ಆದ್ರ ಆಕಿಗೂ ಕಾಣತೈತಿ" ಎನ್ನುತ್ತಿದ್ದ. ಅದನ್ನು ಹೇಳುವಾಗ ಮಾತ್ರ ಅವನು ನಟಿಸುತ್ತಿರಲಿಲ್ಲ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಹೊಗೆ ಜಾಸ್ತಿ ಆತು ಎನ್ನುತ್ತಿದ್ದಳು.

ಸಿನಿಮಾ ದಾಂಡೇಲಿಗೆ ಬಂದ ರವಿವಾರ ಅವನು ತಾಯಿಯನ್ನು ಕರೆತಂದ. ಕೈಹಿಡಿದು ಕಟ್ಟೆಯ ಮೇಲೆ ಕೂರಿಸಲು ಹೋದವನನ್ನು ಆಯಿ ತಡೆದು, "ಆಕೀನ ಒಳಗ ಕರಕೊಂಬಾರೋ, ಒಲಿ ಮುಂದ ಕುಂದರ್ಲಿ" ಎಂದಳು. ಮುದುಕಿ ಒಳಗೆ ಕೂತು ಉಂಡಳು, ಯಾರೂ ಏನೂ ಅನ್ನಲಿಲ್ಲ. ಅವತ್ತು ಆಯಿಯೂ ಸಿನಿಮಾಕ್ಕೆ ಹೊರಟಳು. ಹೊರಡುವ ಮುಂಚೆ ಬಚ್ಚಲಿನ ಚೀಲವನ್ನು ತಾನೇ ತಂದು ಪಡಸಾಲೆಯಲ್ಲಿ ಸುರಿದಳು. "ಹೀರೋಗ ಇವತ್ತ ಒಂದ ಚೂರೂ ಇಲ್ಲ. ಎಲ್ಲಾ ನಮ್ಮ ಇನಾಸನ ಪಾಲು" ಎಂದು ಎಲ್ಲರ ಉಡಿಗೆ, ಕಿಸೆಗೆ ಹಂಚಿದಳು. ಹಣಮಂತಕಾಕಾ ಈ ಸುದ್ದಿಯನ್ನು ಮಿಲ್ಲಿನಲ್ಲಿ ಮೊದಲೇ ಹಬ್ಬಿಸಿದ್ದ. ಹೀಗಾಗಿ ಹೀರೋ ಬಾಗಿಲು ಒದ್ದು ಬಂದಾಗ ಥೇಟರಿನಲ್ಲಿ ಶಿಳ್ಳೆ ಬಿತ್ತೇ ಹೊರತು ಒಂದು ಚೂರು ಕಾಗದವೂ ಹಾರಲಿಲ್ಲ. ನಮ್ಮೂರಿನಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಎಲ್ಲರೂ ಮುಷ್ಟಿ ಬಿಗಿಹಿಡಿದು ದೋಣಿಗಾಗಿ ಕಾಯುತ್ತಿದ್ದರು.

ದೋಣಿ ಬಂತು. ಹೊಳೆಯ ನೀರು ಬೆಳ್ಳಗೆ ಹೊಳೆಯುತ್ತಿತ್ತು, ಅದರ ನಡುವೆ ಕೊಪ್ಪೆ ಹಾಕಿದ ಒಂದು ಬೆನ್ನು. ಬೆನ್ನಿನಾಚೆ ಹೀರೋನ ಮುಖ, ಗೋಡೆಯಷ್ಟು ದೊಡ್ಡದು. "ನದಿ ತುಂಬಿದೆ ಸ್ವಾಮಿ, ಕುಳಿತು ದಾಟಿ" ಎಂಬ ಮಾತು ಕೇಳಿಸಿತು. ಅದು ಯಾರದೋ ದನಿ, ಪುಸ್ತಕ ಓದಿದಂತಿತ್ತು. ಯಾವಾಗ ಎಸೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಣಮಂತಕಾಕಾ ಕೈ ಎತ್ತಿದವನು ಹಾಗೇ ನಿಂತಿದ್ದ. "ಇನ್ನೂ ಐತಿ, ಇನ್ನೂ ಐತಿ" ಎಂದು ಇನಾಸಕಾಕಾ ನಮಗೆ ಪಿಸುಗುಟ್ಟಿದ. ನಾನು ಅವನ ಪಕ್ಕದಲ್ಲೇ ಇದ್ದೆ. ಆ ದನಿಯಲ್ಲಿದ್ದ ಭಯವನ್ನು ಇವತ್ತಿಗೂ ಮರೆತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ನೋಡುವುದು ಚೆನ್ನಾಗಿರುವುದಿಲ್ಲ.

ಆಗ ಮುದುಕಿ ಎದ್ದು ನಿಂತಳು. ಮುಖ ಕಾಣದ ಕಣ್ಣಿಗೆ ಮುಖ ಇಲ್ಲದಿದ್ದರೇನು? ಬೆಳ್ಳನೆಯ ನೀರಿನ ಮೇಲೆ ಕಪ್ಪಗೆ ಕಂಡ ಆ ಆಕಾರ, ಆ ಇಳಿಬಿದ್ದ ಎಡಭುಜ, ಮಗ ಊರಿಗೆ ಬಂದಾಗಲೆಲ್ಲ ಅವಳು ನೋಡುತ್ತಿದ್ದದ್ದೇ ಅದನ್ನು. "ತೋ ಮ್ಹಜೋ ಪೂತ!" ಎಂದು ಕೊಂಕಣಿಯಲ್ಲಿ ಕೂಗಿದಳು, ಅವನು ನನ್ನ ಮಗ ಎಂದು, ಮತ್ತು ಉಡಿಯಲ್ಲಿದ್ದುದನ್ನೆಲ್ಲ ಎರಡೂ ಕೈಯಿಂದ ತೂರಿದಳು. ಅವಳ ಹಿಂದೆ ಆಯಿ, ಆಯಿಯ ಹಿಂದೆ ನಾವೆಲ್ಲ, ನಮ್ಮ ಹಿಂದೆ ಇಡೀ ಥೇಟರು. ಬೆಳಕಿನ ತುಂಬ ಕಾಗದ. ಪರದೆಯ ಮೇಲೆ ಅದರ ನೆರಳು ಬಿದ್ದು, ಹೀರೋನ ಅಷ್ಟು ದೊಡ್ಡ ಮುಖ ಸ್ವಲ್ಪ ಹೊತ್ತು ಯಾರಿಗೂ ಕಾಣಲಿಲ್ಲ.

ಹೊರಗೆ ಬಂದಮೇಲೆ ಮುದುಕಿ ಮಗನ ಕೆನ್ನೆಗಳನ್ನು ಕೈಯಿಂದ ಸವರುತ್ತ, ಮುಖವನ್ನೇಕೆ ತೋರಿಸಲಿಲ್ಲ ಎಂದು ಕೇಳಿದಳು. ಮಳೆ ಬರುತ್ತಿತ್ತಲ್ಲ, ಅದಕ್ಕೇ ಕೊಪ್ಪೆ ಹಾಕಿದ್ದೆ ಎಂದ ಇನಾಸಕಾಕಾ. ಪರದೆಯ ಮೇಲೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಮುಂದಿನ ರವಿವಾರ ಅವನು ಆ ಸಿನಿಮಾದ ಕಥೆ ಹೇಳಿದ, ಅಂಗಳದಲ್ಲಿ ನಮ್ಮ ಕಡೆ ಮುಖಮಾಡಿ ದೋಣಿ ನಡೆಸಿದ, ಮಳೆಯಲ್ಲಿ ತೊಯ್ದ. ಒಳಗೆ ರೊಟ್ಟಿ ಸುಟ್ಟಿತು. ಆಯಿ ಬೈಯಲಿಲ್ಲ. ಅದಾದ ಮೇಲೆ ಅವನು ಬೇರೆ ಯಾವ ಸಿನಿಮಾದ ಕಥೆಯನ್ನೂ ಹೇಳಲಿಲ್ಲ.

ಆಯಿ ಹೋದಮೇಲೆ ಖಾನಾವಳಿ ನಿಂತಿತು. ಹಣಮಂತಕಾಕಾ ನಿವೃತ್ತಿಯಾಗಿ ಊರು ಸೇರಿದ. ಇನಾಸಕಾಕಾ ತಾಯಿಯನ್ನು ನೋಡಿಕೊಳ್ಳಲು ಹಳ್ಳಿಗೆ ಹೋದವನು ಅಲ್ಲೇ ಉಳಿದು ಅಲ್ಲೇ ತೀರಿಕೊಂಡ. ನಮಗೆ ಸುದ್ದಿ ತಿಳಿದದ್ದು ಬಹಳ ತಡವಾಗಿ. ಅಂಬೇವಾಡಿಯ ಆ ಮನೆ ಈಗ ಇಲ್ಲ, ಅಲ್ಲಿ ಹೊಳೆಯಲ್ಲಿ ಆಡಲು ಬರುವ ಪ್ರವಾಸಿಗರಿಗೆ ರೂಮು ಕೊಡುವ ಕಟ್ಟಡವಿದೆ. ರೊಟ್ಟಿಯ ಸಪ್ಪಳವನ್ನೂ ಆ ಕಟ್ಟೆಯನ್ನೂ ಬಲ್ಲವರು ನಾನು ಮತ್ತು ಇನ್ನೊಬ್ಬಿಬ್ಬರು ಇರಬಹುದು.

ಕಾಗದ ಉಡಿಯಲ್ಲಿದ್ದಂತೆಯೇ ಫೋನಿನಲ್ಲಿ ಆ ಸಿನಿಮಾ ಹುಡುಕಿದೆ, ಸಿಕ್ಕಿತು. ಬಣ್ಣ ಮಾಸಿದೆ, ಅಲ್ಲಲ್ಲಿ ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ಹೀರೋ ಬಾಗಿಲು ಒದ್ದು ಬಂದ, ನಾನು ಕಾದೆ. ಕೋಗಿಲಬನದ ದಂಡೆ ಬಂದಾಗ ನನಗೆ ತಿಳಿಯದೆಯೇ ಒಂದು ಮುಷ್ಟಿ ಚೂರು ಎತ್ತಿಕೊಂಡಿದ್ದೆ. ಹೀರೋ ಈ ದಂಡೆಯಲ್ಲಿ ನಿಂತು ಹೊಳೆ ನೋಡಿದ. ಮರುಕ್ಷಣ ಆ ದಂಡೆಯಲ್ಲಿ ನಡೆಯುತ್ತಿದ್ದ, ಹಾಡು ಶುರುವಾಯಿತು. ದೋಣಿ ಇರಲಿಲ್ಲ. ಅಷ್ಟು ತುಂಬಿದ ಹೊಳೆಯನ್ನು ಅವನು ಹೇಗೆ ದಾಟಿದ ಎಂದು ನೋಡುವವರು ಯಾರೂ ಕೇಳಲಾರರು. ನಾನು ಮುಷ್ಟಿ ಬಿಚ್ಚದೆ ಹಾಡು ಮುಗಿಯುವವರೆಗೂ ಕೂತಿದ್ದೆ.