ದೇವರ ಮುಂದಿಟ್ಟ ಎರಡು ಜಾಗ

ನಿವೃತ್ತನಾದರೂ ನೆಲದಡಿಯ ನೀರು ಹುಡುಕುವ ಯಂತ್ರ ನನ್ನನ್ನು ಬಿಡಲಿಲ್ಲ ನೋಡಿ. ಈಚೆಗೆ ಕಡಲ ತಡಿಯ ಅವರ್ಸಾ ಕಡೆಯ ಒಂದು ಪಂಚಾಯ್ತಿಗೆ ಹೋಗಿದ್ದೆ. ಊರಿನ ಬಾವಿಗಳೆಲ್ಲ ಉಪ್ಪು. ಹೊಸ ಬಾವಿ ಎಲ್ಲಿ ತೋಡಬೇಕೆಂದು ಎರಡು ಕೇರಿಗಳ ನಡುವೆ ಜಗಳ.

ಯಂತ್ರ ಬಿಚ್ಚುವ ಮೊದಲೇ ಅಧ್ಯಕ್ಷೆ ಹೇಳಿದರು: "ಕಡೇ ಮಾತು ದೇವರದು. ಗುಡೀಲಿ ಪ್ರಸಾದ ಕೇಳ್ತೆ. ಮೂರ್ತಿಗೆ ಏರಿಸಿದ ಹೂ ಬಲಕ್ಕೆ ಬಿದ್ರೆ ಮೇಲಿನ ಕೇರಿ, ಎಡಕ್ಕೆ ಬಿದ್ರೆ ಕೆಳಗಿನ ಕೇರಿ."

"ಹಾಗಾದ್ರೆ ನಾನ್ಯಾಕೆ ಬಂದದ್ದು?" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ಸಿಟ್ಟು ಮಾಡ್ಬೇಡಿ ಮಾರಾಯ್ರೆ. ಎರಡೂ ಕೇರೀಲಿ ಸಿಹಿನೀರಿನ ಒಂದೊಂದು ಜಾಗ ನೀವು ತೋರ್ಸಿ. ಅದ್ರೊಳಗೆ ಒಂದನ್ನ ದೇವರು ಆರಿಸ್ಲಿ. ನೀವು ಆರಿಸಿದ್ರೆ ಸೋತ ಕೇರಿಯವ್ರು ಒಪ್ಪೂದಿಲ್ಲ, ದೇವರು ಆರಿಸಿದ್ರೆ ಒಪ್ತ್ರು."

"ನಿಮಗೇ ದೇವರ ಮೇಲೆ ನಂಬಿಕೆ ಇಲ್ವಾ ಹಾಗಾದ್ರೆ?"

"ಉಂಟಲ್ಲ. ಅದಕ್ಕೇ ಉಪ್ಪುನೀರಿನ ಜಾಗ ಮುಂದಿಟ್ಟು ಅವನ ಮರ್ಯಾದೆ ತೆಗೂದಿಲ್ಲ."

ಯಂತ್ರ ಹಿಡಿದು ಎರಡೂ ಕೇರಿಯಲ್ಲಿ ಒಂದೊಂದು ಜಾಗ ಗುರುತಿಸಿಕೊಟ್ಟೆ. ಗುಡಿಯಲ್ಲಿ ಹೂ ಎಡಕ್ಕೆ ಬಿತ್ತು. ಕೆಳಗಿನ ಕೇರಿಯಲ್ಲಿ ತೋಡಿದ ಬಾವಿಗೆ ಎಳನೀರಿನಂಥ ನೀರು ಬಂತು. ಊರೆಲ್ಲ ದೇವರನ್ನು ಹೊಗಳಿತು. ಅಧ್ಯಕ್ಷೆ ಮಾತ್ರ ಗುಡಿಯಿಂದ ಒಂದು ಹೂ ತಂದು ನನ್ನ ಯಂತ್ರಕ್ಕೆ ಸಿಕ್ಕಿಸಿದರು. ವಿಜ್ಞಾನ ಓದಿದವನಾದರೂ ನಾನದನ್ನು ಇನ್ನೂ ತೆಗೆದಿಲ್ಲ. ಯಂತ್ರಕ್ಕೂ ಒಂದಿಷ್ಟು ಮರ್ಯಾದೆ ಇರಲಿ, ಅಲ್ಲವೇ.